ಬೋರಲು ಮಲಗಿ ಆಡಿದ ಮಾತು

ಮಾರ್ಚ್ 3, ಸೋಮವಾರ

ಮತ್ತೆ ಅದೇ. ಅಲಾರಂ ಹೊಡೆಯಿತು. ಆರಿಸಿದೆ. ಎದ್ದು ಕೂತೆ. ಕೂತವಳು ಕೂತೇ ಇದ್ದೆ. ಒಂದು ಕಾಲಿಗೆ ಸಾಕ್ಸ್ ಹಾಕಿದ್ದೆ, ಇನ್ನೊಂದು ಕೈಯಲ್ಲಿತ್ತು. ಹಾಕಿಕೊಂಡು ಏನಾಗಬೇಕು ಅನ್ನಿಸಿತು.

ಕಟ್ಟುಹಲ್ಲಿನ ಲ್ಯಾಬ್‌ಗೆ ತಡ. ಒಂದು ಮೇಲಿನ ಸೆಟ್, ಎರಡು ಕೆಳಗಿನವು. ಮೇಣದಲ್ಲಿ ಹಲ್ಲು ಕೂರಿಸುವ ಕೆಲಸ ಕೈಗೆ ಅಭ್ಯಾಸವಾಗಿದೆ, ನಾನು ಇರಬೇಕಾದ್ದಿಲ್ಲ. ಊರಿನವರಿಗೆಲ್ಲ ಹಲ್ಲು ಮಾಡಿಕೊಡುವವಳು, ನನಗೇ ಹಲ್ಲು ಬಿಡುವ ಮನಸ್ಸಿಲ್ಲ. ಲ್ಯಾಬಿನ ಯಜಮಾನರು ಹತ್ತಿರ ಬಂದು ನಿಂತರು, ಏನೋ ಹೇಳಲು ಹೊರಟು ಹಾಗೇ ಹೋದರು. ಎಲ್ಲರೂ ಈಗ ಹಾಗೇ. ನಾನು ಒಡೆದುಹೋಗುವ ಸಾಮಾನು.

ಸಂಜೆ ಡಾಕ್ಟರ್. ಇವರೂ ಬಂದಿದ್ದರು. ಮಾತ್ರೆ ಅದೇ ಡೋಸ್. ಹೊಸದೊಂದು ಸೇರಿತು — ವಾರಕ್ಕೊಮ್ಮೆ ಮಸಾಜ್. "ಡಿಪ್ರೆಶನ್ ಇರೋರಿಗೆ ಮೈ ಎಲ್ಲಾ ಬಿಗಿದುಕೊಂಡಿರುತ್ತೆ. ಅದು ಸ್ವಲ್ಪ ಸಡಿಲ ಆದ್ರೆ ನಿದ್ದೆ ಬರಬಹುದು. ಮಾತ್ರೆ ಬದಲಿಗೆ ಅಲ್ಲ, ಮಾತ್ರೆ ಜೊತೆಗೆ," ಅಂದರು. ನಾನೇನು ಹಿಟ್ಟೇ ನಾದಿಸಿಕೊಳ್ಳಲು? ಅಂದುಕೊಂಡೆ. ಆಮೇಲೆ ಇವರ ಕಡೆ ತಿರುಗಿ, "ಏನಾಯ್ತು ಏನಾಯ್ತು ಅಂತ ಅವರನ್ನ ಕೇಳ್ತಾ ಇರ್ಬೇಡಿ. ಹೇಳೋದಿದ್ರೆ ಅವರೇ ಹೇಳ್ತಾರೆ," ಅಂದರು. ಇವರು ಗಂಭೀರವಾಗಿ ತಲೆಯಾಡಿಸಿದರು, ಯಾವುದೋ ವೈರಿಂಗ್ ನಕ್ಷೆ ಅರ್ಥವಾದವರಂತೆ.

ಇವರು ಲಿಫ್ಟ್ ರಿಪೇರಿಯವರು. ಕಂಪ್ಲೇಂಟ್ ಬಂದರೆ ಹೋಗುತ್ತಾರೆ, ಸರಿ ಮಾಡುತ್ತಾರೆ, ಸಹಿ ಹಾಕಿಸಿಕೊಂಡು ಬರುತ್ತಾರೆ. ಮದುವೆಯಾದ ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾವ ಕಂಪ್ಲೇಂಟೂ ಬಂದಿರಲಿಲ್ಲ ಪಾಪ.

ಮಾರ್ಚ್ 6, ಗುರುವಾರ, ಸಂಜೆ

ಜಾಗ ಇವರೇ ಹುಡುಕಿದ್ದು. ಇವರು ಲಿಫ್ಟ್ ನೋಡಿಕೊಳ್ಳುವ ಕಟ್ಟಡ, ನಾಲ್ಕನೇ ಮಹಡಿ. ಚಿಕ್ಕ ರೂಮು. ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಹೀಟರ್, ಮಡಿಸಿಟ್ಟ ಟವೆಲ್‌ಗಳ ರಾಶಿ. ಮಧ್ಯೆ ಎತ್ತರದ ಮೇಜು, ಮುಖ ಇಡಲು ಒಂದು ತೂತು. ಬೋರಲು ಮಲಗಿ ಆ ತೂತಿನಲ್ಲಿ ಮುಖ ಇಟ್ಟರೆ ನೆಲ ಕಾಣುತ್ತದೆ, ಮತ್ತೆ ಮಸಾಜ್ ಮಾಡುವಾಕೆಯ ಚಪ್ಪಲಿ. ನೀಲಿ ರಬ್ಬರ್ ಚಪ್ಪಲಿ. ಅದು ತಲೆಯ ಹತ್ತಿರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಆಕೆಯ ಮುಖ ಈಗ ನೆನಪಿಗೆ ಬರುತ್ತಿಲ್ಲ. ನೀಲಿ ಚಪ್ಪಲಿ ಅಂತಲೇ ಕರೆಯುತ್ತೇನೆ.

ಭುಜ ಮುಟ್ಟಿದ್ದೇ, "ಕಲ್ಲು ಹೊತ್ತುಕೊಂಡು ಬಂದಿದೀರ," ಅಂದಳು. ಹೊತ್ತವಳಿಗೆ ಗೊತ್ತಿಲ್ಲವೇ.

"ಮಾತಾಡ್ಬೇಕು ಅನ್ಸಿದ್ರೆ ಮಾತಾಡಿ. ಬೇಡ ಅನ್ಸಿದ್ರೆ ಸುಮ್ನಿರಿ. ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ."

ಸುಮ್ಮನಿದ್ದೆ. ಮನೆಗೆ ಬಂದು ಸೋಫಾದಲ್ಲೇ ನಿದ್ದೆ. ಇವರು ಎಬ್ಬಿಸಲಿಲ್ಲ.

ಮಾರ್ಚ್ 13, ಗುರುವಾರ

ಅತ್ತುಬಿಟ್ಟೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಬೆನ್ನುಮೂಳೆಯ ಪಕ್ಕ ಎಲ್ಲೋ ಒತ್ತಿದಳು, ನಲ್ಲಿ ತಿರುಗಿಸಿದ ಹಾಗೆ ಬಂತು. ತೂತಿನ ಮೂಲಕ ನೆಲದ ಮೇಲೆ ತೊಟಕ್ ತೊಟಕ್. ನೀಲಿ ಚಪ್ಪಲಿ ಏನೂ ಅನ್ನದೆ ಒಂದು ಟಿಶ್ಯೂ ಕೆಳಗಿಂದ ಚಾಚಿದಳು.

ಆಮೇಲೆ ಬಾಯಿ ಬಿಟ್ಟೆ. ಕುರ್ಚಿಯ ವಿಷಯ. ಇವರು ಊಟದ ಮೇಜಿನಿಂದ ಏಳುವಾಗ ಕುರ್ಚಿ ಕರ್ರ್ ಅಂತ ಎಳೆಯುತ್ತಾರೆ, ಆ ಸದ್ದಿಗೆ ನನಗೆ ಎದ್ದು ಎಲ್ಲಾದರೂ ಓಡಿಹೋಗಬೇಕು ಅನ್ನಿಸುತ್ತದೆ. ಇಷ್ಟೇ. ಇಂಥದ್ದನ್ನು ಯಾರಿಗೆ ಹೇಳುವುದು? ಗಂಡ ಕುಡಿದು ಹೊಡೆಯುತ್ತಾನೆ ಅಂದರೆ ನಾಲ್ಕು ಜನ ಅಯ್ಯೋ ಅಂದಾರು. ಗಂಡ ಕುರ್ಚಿ ಎಳೆಯುತ್ತಾನೆ ಅಂದರೆ?

ಮುಖ ಕಾಣದಿದ್ದರೆ ಮಾತು ಸುಲಭ. ನೆಲಕ್ಕೆ ಹೇಳಿದ ಹಾಗೆ.

ಮಾರ್ಚ್ 18

ಕುರ್ಚಿಯ ಕಾಲುಗಳಿಗೆ ಬಟ್ಟೆಯ ಮೆತ್ತೆ ಅಂಟಿಸಿದ್ದಾರೆ. ನಾಲ್ಕೂ ಕುರ್ಚಿಗೆ. ಕೆಳಮನೆಯವರು ಏನಾದರೂ ಅಂದರಾ ಅಂತ ಕೇಳಿದೆ. "ಟೈಲ್ಸ್ ಗೀರಾಗ್ತಿತ್ತು," ಅಂದರು. ಸದ್ದಿಲ್ಲ. ಊಟ ಮುಗಿಸಿ ನಾನೇ ಎದ್ದು ತಟ್ಟೆ ತೊಳೆದೆ. ಎಷ್ಟು ದಿನವಾಗಿತ್ತೋ.

ಮಾರ್ಚ್ 27, ಗುರುವಾರ

ಇವತ್ತು ಅಕ್ಕನ ವಿಷಯ. ಬೆಳಗಾದರೆ ಫೋನ್. ನಾನು ಹಾಸಿಗೆಯಿಂದ ಏಳುವ ಮೊದಲೇ "ಎದ್ಯಾ? ಸ್ನಾನ ಆಯ್ತಾ? ನೋಡು, ಮನಸ್ಸು ಗಟ್ಟಿ ಮಾಡ್ಕೋಬೇಕು." ಮನಸ್ಸು ಏನು ಸಿಮೆಂಟೇ? ಅಕ್ಕ ಒಳ್ಳೆಯವಳು. ಒಳ್ಳೆಯವರನ್ನು ಬೈಯಲು ಬರುವುದಿಲ್ಲವಲ್ಲ, ಅದೇ ಕಷ್ಟ. ಬೈದೆ. ಮೇಜಿನ ಮೇಲೆ ಮಲಗಿ ಹೊಟ್ಟೆ ತುಂಬ ಬೈದೆ. ನೀಲಿ ಚಪ್ಪಲಿ ನಕ್ಕಳು, ಕೈ ಮಾತ್ರ ನಿಲ್ಲಿಸಲಿಲ್ಲ. ನಾನೂ ನಕ್ಕೆ ಅಂತ ಕಾಣುತ್ತದೆ. ಮುಖ ತೂತಿನಲ್ಲಿ ಸಿಕ್ಕಿಕೊಂಡಿರುವಾಗ ನಕ್ಕರೆ ಕೆನ್ನೆ ನೋಯುತ್ತದೆ.

ಏಪ್ರಿಲ್ 4, ಶುಕ್ರವಾರ

ಅಕ್ಕನ ಫೋನ್ ಈ ವಾರ ಬೆಳಿಗ್ಗೆ ಬರಲಿಲ್ಲ. ಸಂಜೆ ಮಾಡಿದಳು, ಒಂದೇ ಸಲ. ಮನಸ್ಸು ಗಟ್ಟಿಯ ಮಾತೇ ಇಲ್ಲ. ತನ್ನ ಮಂಡಿನೋವಿನ ಕಥೆ ಹೇಳಿದಳು. ಕೇಳಿದೆ. ಚೆನ್ನಾಗಿತ್ತು.

ಇವರು ಶೇವಿಂಗ್ ಮಾಡುವಾಗ ಶಿಳ್ಳೆ ಹಾಕುವುದನ್ನು ಬಿಟ್ಟಿದ್ದಾರೆ. ಬಾತ್‌ರೂಮಿನ ಹಾಳು ಟ್ಯೂಬ್‌ಲೈಟ್ ಬದಲಾಗಿ ಹಳದಿ ಬಲ್ಬು. ನನ್ನ ಕಣ್ಣಿಗೆ ಎಲ್ಲವೂ ಸ್ವಲ್ಪ ಮೆತ್ತಗೆ ಕಾಣುತ್ತಿದೆ. ಡಾಕ್ಟರ್ ಹೇಳಿದ್ದು ಇದೇ ಇರಬೇಕು. ಲೋಕ ಬದಲಾಗುವುದಿಲ್ಲ, ನಾನು ಬದಲಾದರೆ ಲೋಕ ಬದಲಾದ ಹಾಗೆ ಕಾಣುತ್ತದೆ ಅಂದಿದ್ದರು. ಆವಾಗ ಸಿಟ್ಟು ಬಂದಿತ್ತು. ಇರಲಿ, ಒಪ್ಪಿದೆ.

ಏಪ್ರಿಲ್ 17, ಗುರುವಾರ, ರಾತ್ರಿ ಊಟದ ನಂತರ

ಡಾಕ್ಟರ್ ಖುಷಿ. ನಿದ್ದೆ ಬರುತ್ತಿದೆ, ಹಸಿವಾಗುತ್ತಿದೆ. ಲ್ಯಾಬಿನಲ್ಲಿ ಯಜಮಾನರು ಒಬ್ಬ ಮುದುಕರ ಸೆಟ್ ತೋರಿಸಿ, "ಇದು ನಿಮ್ಮ ಕೈಯದ್ದು ಅಂತ ನೋಡಿದ ಕೂಡ್ಲೆ ಗೊತ್ತಾಗುತ್ತೆ," ಅಂದರು. ಮೊದಲಿನ ಹಾಗೆ ಬೆನ್ನು ನೆಟ್ಟಗಿಟ್ಟುಕೊಂಡು ಬಸ್ಸಿಗೆ ನಡೆದೆ.

ಇವರಿಗೆ ಹೇಳಿದೆ, "ನಾನು ಸ್ವಲ್ಪ ಸರಿ ಹೋಗ್ತಿದೀನಿ ಅನ್ಸುತ್ತೆ." ಇವರ ಕಣ್ಣು ತುಂಬಿ ಬಂತು. ನೋಡಿಯೂ ನೋಡದವಳಂತೆ ಇದ್ದೆ. ಅಳುವ ಗಂಡಸನ್ನು ಏನು ಮಾಡಬೇಕು ಅಂತ ನನಗೆ ತಿಳಿಯುವುದಿಲ್ಲ.

ಏಪ್ರಿಲ್ 24, ಗುರುವಾರ

ಹೇಳಿಬಿಟ್ಟೆ. ಯಾರಿಗೂ ಹೇಳದ್ದು. ಇಲ್ಲೂ ಬರೆಯದ್ದು.

ಕುತ್ತಿಗೆಯ ಹಿಂದೆ ಎರಡು ಹೆಬ್ಬೆರಳಿಟ್ಟು ಸುಮ್ಮನೆ ಹಿಡಿದಿದ್ದಳು. ಹೀಟರ್ ಸಣ್ಣಗೆ ಗುಯ್ ಅನ್ನುತ್ತಿತ್ತು. ನಾನು ಅಂದೆ, "ಒಂದೊಂದು ಸಲ ಅನ್ಸುತ್ತೆ... ಅವರು ಮನೇಲಿ ಇಲ್ದೇ ಇದ್ರೆ ನಾನು ಉಸಿರಾಡ್ಬಹುದು ಅಂತ. ಕೆಟ್ಟವರಲ್ಲ ಅವರು. ಆದ್ರೂ ಬಾಗಿಲಲ್ಲಿ ಅವರ ಕೀಲಿ ತಿರುಗಿದ್ರೆ ಎದೆ ಬಿಗಿಯುತ್ತೆ."

ಹೆಬ್ಬೆರಳು ಅಲ್ಲಾಡಲಿಲ್ಲ. "ಉಸಿರು ಬಿಡಿ," ಅಂದಳು. ಬಿಟ್ಟೆ. ಎಲ್ಲಿಂದಲೋ ಬಂತು ಉಸಿರು, ಹೊಟ್ಟೆಯ ತಳದಿಂದ.

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು. ಆಡಿದ ಮೇಲೆ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ನಿಜವೇ, ಆದರೆ ಪೂರ್ತಿ ನಿಜವಲ್ಲ. ಮುಂದಿನ ವಾರ ಉಳಿದದ್ದನ್ನೂ ಹೇಳಬೇಕು. ಅವರು ಬರುವುದು ತಡವಾದರೆ ಕಿಟಕಿಯ ಹತ್ತಿರ ನಿಲ್ಲುವವಳೂ ನಾನೇ ಅಂತ.

ಏಪ್ರಿಲ್ 29, ಮಂಗಳವಾರ

ಇವರಿಗೆ ಏನೋ ಆಗಿದೆ. ಹಾಲ್‌ನಲ್ಲಿ ಮಲಗುತ್ತಿದ್ದಾರೆ, ಸೊಂಟನೋವಂತೆ. ಮನೆಗೆ ಬಂದರೆ ಕೀಲಿ ಹಾಕುವುದಿಲ್ಲ, ಬೆಲ್ ಮಾಡಿ ನಾನು ತೆಗೆಯುವ ತನಕ ಕಾಯುತ್ತಾರೆ. ಅತಿಥಿ ಬಂದ ಹಾಗೆ. ಕೀಲಿ ಕಳೆದಿರಾ ಅಂದರೆ, "ಜೇಬಲ್ಲೇ ಇದೆ," ಅಂದರು.

ಮೇ 2, ಶುಕ್ರವಾರ

ನಿನ್ನೆ ರಜಾ, ಮಸಾಜ್ ಇರಲಿಲ್ಲ.

ಇವರು ಬೇರೆ ಊರಿನ ಸೈಟಿಗೆ ಹೋಗುತ್ತಾರಂತೆ. ಹೊಸ ಆಸ್ಪತ್ರೆ ಕಟ್ಟಡ, ಲಿಫ್ಟ್ ಕೂರಿಸಬೇಕು. ತಿಂಗಳುಗಟ್ಟಲೆ ಕೆಲಸ. ಯಾರಾದರೂ ಹೋಗುವಿರಾ ಅಂತ ಕಂಪನಿಯಲ್ಲಿ ಕೇಳಿದರಂತೆ, ಇವರೇ ಕೈ ಎತ್ತಿದರಂತೆ. ಊರು ಬಿಟ್ಟು ಒಂದು ದಿನ ಇರದ ಮನುಷ್ಯ. ತಮ್ಮ ದಿಂಬಿಲ್ಲದೆ ನಿದ್ದೆ ಬಾರದವರು.

"ಯಾಕೆ?" ಅಂದೆ.

"ನಿನಗೂ ಸ್ವಲ್ಪ ಆರಾಮ್ ಇರುತ್ತೆ."

ಆ ಮಾತು ನನಗೆ ಸರಿ ಕಾಣಲಿಲ್ಲ. ಎಲ್ಲಿ ಅಂತ ಗೊತ್ತಾಗದ ಕಡೆ ಮುಳ್ಳು ಚುಚ್ಚಿದ ಹಾಗಿದೆ.

ಮೇ 6, ಮಂಗಳವಾರ

ಅಕ್ಕನ ಫೋನ್. ಮಂಡಿ, ಡಾಕ್ಟರ್, ಭಾವನ ಗೊರಕೆ. ನಾನೇ ಅಂದೆ, ಬೆಳಿಗ್ಗೆಯೂ ಮಾಡು ಪರವಾಗಿಲ್ಲ, ಈಗ ಬೇಗ ಏಳ್ತೀನಿ ಅಂತ. ಅದಕ್ಕೆ ಅಕ್ಕ, "ಬೇಡಮ್ಮ. ಬೆಳಿಗ್ಗೆ ಮಾಡಿದ್ರೆ ನಿನಗೆ ಹಿಂಸೆ ಆಗುತ್ತಂತೆ, ಮನಸ್ಸು ಗಟ್ಟಿ ಮಾಡ್ಕೋ ಅಂದ್ರೆ ಸಿಟ್ಟು ಬರುತ್ತಂತೆ. ನಿನ್ನ ಗಂಡ ಹೇಳಿದ್ರು. ನನಗೇ ಹೇಳಬಹುದಿತ್ತಲ್ಲ ನೀನು," ಅಂದಳು. ಬೇಸರವಾಗಿತ್ತು ಅವಳಿಗೆ.

ಇವರಿಗೆ ನಾನು ಹೇಳಿಲ್ಲ. ಯಾರಿಗೂ ಹೇಳಿಲ್ಲ. ಹೇಳಿದ್ದು ಒಂದೇ ಕಡೆ.

ಕುರ್ಚಿ. ಶಿಳ್ಳೆ. ಬಲ್ಬು... ಅವೂ ಅಲ್ಲೇ ಹೇಳಿದ್ದು.

ಇಲ್ಲ. ಕಾಕತಾಳೀಯ ಇರಬಹುದು. ನನ್ನ ತಲೆ ಸರಿ ಇಲ್ಲ ಅಂತ ಡಾಕ್ಟರೇ ಚೀಟಿ ಕೊಟ್ಟಿದ್ದಾರೆ, ಆ ತಲೆಯನ್ನು ನಂಬುವುದು ಹೇಗೆ.

ಮೇ 8, ಗುರುವಾರ

ಪರೀಕ್ಷೆ ಮಾಡಿದೆ. ಮೇಜಿನ ಮೇಲೆ ಮಲಗಿ ಅಂದೆ, "ಅವರ ಮೀಸೆ ಕಂಡ್ರೆ ಆಗಲ್ಲ ನನಗೆ. ನೋಡಿದ್ರೆ ಮೈ ಉರಿಯುತ್ತೆ."

ಹಸಿ ಸುಳ್ಳು. ಇವರು ನನ್ನನ್ನು ನೋಡಲು ಬಂದ ದಿನ ಮನೆಯವರೆಲ್ಲ ಸಂಬಳ ಕೇಳಿದರು, ನಾನು ಮೀಸೆ ನೋಡಿ ಒಪ್ಪಿದವಳು. ಈಗ ಅರ್ಧ ಬೆಳ್ಳಗಾಗಿದೆ, ಆದರೂ ಊಟ ಮಾಡುವಾಗ ಅದು ಮೇಲೆ ಕೆಳಗೆ ಆಗುವುದನ್ನು ನೋಡುತ್ತೇನೆ.

ನೀಲಿ ಚಪ್ಪಲಿ, "ಹೌದಾ," ಅಂದಳು. ಅಷ್ಟೇ. ಕೈ ಎಂದಿನ ಹಾಗೆ ಹೋಗುತ್ತಿತ್ತು, ಒಳ್ಳೆಯ ಕೈ. ಇವಳು ಹಾಗೆ ಮಾಡುವವಳಲ್ಲ ಅನ್ನಿಸಿ ನಾಚಿಕೆಯಾಯಿತು. ಹೊರಡುವಾಗ ಬೇಕಂತಲೇ ಚೆನ್ನಾಗಿ ಮಾತಾಡಿಸಿ ಬಂದೆ.

ಮೇ 9, ಶುಕ್ರವಾರ, ಬೆಳಿಗ್ಗೆ 7

ಮೀಸೆ ಇಲ್ಲ.

ಬಾತ್‌ರೂಮಿನಿಂದ ಬಂದು ಕಾಫಿ ಕೇಳಿದರು. ಮೂಗಿನ ಕೆಳಗೆ ಬೋಳು. ಸುಲಿದ ಆಲೂಗಡ್ಡೆಯ ಹಾಗೆ. ಮೇಲ್ತುಟಿ ಇಷ್ಟು ತೆಳ್ಳಗೆ ಅಂತ ಗೊತ್ತೇ ಇರಲಿಲ್ಲ. "ಬಿಸಿಲು ಜಾಸ್ತಿ ಆಯ್ತಲ್ಲ," ಅಂದರು. ನಗು ಬಂತು. ನಿಜವಾಗಿ ನಗು ಬಂತು, ಸ್ಟವ್ ಹಿಡಿದುಕೊಂಡು ನಕ್ಕೆ. ಇವರೂ ನಕ್ಕರು, ನನಗೆ ಇಷ್ಟವಾಯಿತು ಅಂದುಕೊಂಡು.

ಆಮೇಲೆ ಹೊಳೆಯಿತು. ಇದು ತಲುಪಿದೆ ಅಂದರೆ ಅದೂ ತಲುಪಿದೆ. ಉಸಿರಿನ ಮಾತು.

ಹಾಲ್‌ನ ಹಾಸಿಗೆ. ಜೇಬಿನಲ್ಲೇ ಉಳಿದ ಕೀಲಿ. ಬೇರೆ ಊರು.

ಕಾಫಿ ಉಕ್ಕಿತು. ಒರೆಸಲಿಲ್ಲ.

ಅದೇ ದಿನ, ಮಧ್ಯಾಹ್ನ

ಲ್ಯಾಬಿನಿಂದ ನೇರ ಅಲ್ಲಿಗೆ ಹೋದೆ. ಲಿಫ್ಟ್ ಹತ್ತಲಿಲ್ಲ, ಮೆಟ್ಟಿಲು. ನೀಲಿ ಚಪ್ಪಲಿ ಟವೆಲ್ ಮಡಿಸುತ್ತಿದ್ದಳು. ನಿಂತುಕೊಂಡು ಆಕೆಯ ಮುಖ ನೋಡಿದ್ದು ಇವತ್ತೇ ಮೊದಲು ಅನ್ನಬೇಕು. ನನಗಿಂತ ಚಿಕ್ಕವಳು.

"ಅವರಿಗೆ ಎಲ್ಲಾ ಹೇಳ್ತಾ ಇದ್ರಾ?"

ಇಲ್ಲ ಅನ್ನಲಿಲ್ಲ. ಅಷ್ಟಾದರೂ ಮರ್ಯಾದೆ ಉಳಿಸಿದಳು. "ಎಲ್ಲಾ ಅಲ್ಲ. ಸರಿ ಮಾಡ್ಬಹುದಾದದ್ದನ್ನ ಮಾತ್ರ. ಲಿಫ್ಟ್ ನೋಡೋಕೆ ಬಂದಾಗ ಕೇಳ್ತಿದ್ರು, ನಿನ್ನೆ ಸಂಜೆನೂ. ಅವಳಿಗೆ ಏನು ಕಷ್ಟ ಆಗ್ತಿದೆ ಅಂತ ಗೊತ್ತಾದ್ರೆ ನಾನು ತೆಗೆದುಬಿಡ್ತೀನಿ ಅಂತ. ಕೈ ಮುಗಿದ್ರು. ಮತ್ತೆ ನಿಮಗೂ ಒಳ್ಳೇದಾಗ್ತಾ ಇತ್ತಲ್ಲ... ಭುಜ ಎಷ್ಟು ಬಿಟ್ಟಿತ್ತು ನೋಡಿ."

"ಉಸಿರಿನ ಮಾತು ಹೇಳಿದೆನಲ್ಲ. ಅದು ಸರಿ ಮಾಡೋಂಥದ್ದಾ?"

ಟವೆಲಿನ ಅಂಚು ಅಂಚಿಗೆ ಕೂಡಿಸುತ್ತ ನಿಂತಳು. "ಅದನ್ನೂ ಸರಿ ಮಾಡ್ಬಹುದು ಅಂದ್ಕೊಂಡೆ."

"ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ ಅಂದಿದ್ರಿ."

"ಹೌದು," ಅಂದಳು. ಕಣ್ಣಲ್ಲಿ ನೀರು. ನನಗೆ ಕನಿಕರ ಬರಲಿಲ್ಲ. ಬೆನ್ನಿಗೆ ಚೂರಿ ಹಾಕಿದರು ಅನ್ನುತ್ತಾರಲ್ಲ, ನಾನು ಬಟ್ಟೆ ಬಿಚ್ಚಿ ಬೆನ್ನು ಕೊಟ್ಟು ಮಲಗಿದ್ದೆ. ವಾರ ವಾರ, ಹೇಳಿದ ಟೈಮಿಗೆ ಸರಿಯಾಗಿ ಹೋಗಿ.

ಮೇ 10, ಶನಿವಾರ

ಕೇಳಿದೆ. ನಿನ್ನೆ ರಾತ್ರಿ ಇವರು ಸೂಟ್‌ಕೇಸಿಗೆ ಸ್ಕ್ರೂಡ್ರೈವರ್‌ಗಳನ್ನು ತುಂಬುತ್ತಿದ್ದರು. ಬಟ್ಟೆಗಿಂತ ಮೊದಲು ಅವು.

"ನನ್ನ ಹೊಟ್ಟೇಲಿರೋದನ್ನ ಬೇರೆಯವರ ಬಾಯಿಂದ ಕೇಳ್ಕೊಂಡು ಬಂದ್ರಾ ನೀವು."

ತಲೆ ಎತ್ತಲಿಲ್ಲ. "ನಿನ್ನ ಕೇಳ್ಬೇಡಿ ಅಂದಿದ್ರು ಡಾಕ್ಟ್ರು. ನಾನು ನಿನ್ನ ಕೇಳ್ಲೇ ಇಲ್ವಲ್ಲ."

ಇದು ಇವರಿಗೆ ನಿಜವಾಗಿಯೂ ನ್ಯಾಯವಾಗಿ ಕಾಣುತ್ತಿದೆ. ಲಿಫ್ಟ್ ಮಾತಾಡುವುದಿಲ್ಲ, ಅದಕ್ಕೆ ಕಟ್ಟಡದವರನ್ನು ಕೇಳುತ್ತಾರೆ. ಹಾಗೆ ನನ್ನನ್ನೂ ಬಿಚ್ಚಿ, ಒಂದೊಂದೇ ನಟ್ಟು ಬಿಗಿ ಮಾಡಿ...

"ನಾನು ಸರಿ ಹೋಗ್ತಿದೀನಿ ಅಂದ್ಕೊಂಡಿದ್ದೆ. ಎಲ್ಲಾ ನೀವು ಕಟ್ಟಿದ ನಾಟಕ."

"ನಾಟಕ ಅಲ್ಲ. ಕಷ್ಟ ಇತ್ತು, ತೆಗೆದೆ."

"ಉಸಿರಿನ ಮಾತೂ ಕೇಳಿದ್ರಾ?"

"ಹೂಂ."

"ನಿಜಾನಾ ಅಂತ ಒಂದು ಮಾತು ನನ್ನ ಕೇಳ್ಬೇಕು ಅನ್ಸಲಿಲ್ವಾ?"

"ಕೇಳಿದ್ರೆ ನೀನು ಇಲ್ಲ ಅಂತಿದ್ದೆ." ಆಮೇಲೆ ಬಹಳ ಮೆಲ್ಲಗೆ, "ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳ್ತಿದ್ದೆ. ಅವಳಿಗೆ ಯಾಕೆ ಸುಳ್ಳು ಹೇಳ್ತೀಯ?"

ಕೇಳಲು ನ್ಯಾಯವಾದ ಮಾತು. ಅದಕ್ಕೇ ಇನ್ನೂ ಸಿಟ್ಟು. ನಂಬಿಸಿ ಕತ್ತು ಕೊಯ್ದವರು ನ್ಯಾಯವನ್ನೂ ತಮ್ಮ ಕಡೆ ಇಟ್ಟುಕೊಳ್ಳಬಾರದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳಬೇಕಿತ್ತು ಈ ಮನುಷ್ಯ. ಇಲ್ಲ. ಒಳ್ಳೆಯದು ಮಾಡಿದವನ ಮುಖ, ಅದೂ ಮೀಸೆ ಇಲ್ಲದ ಮುಖ.

"ಹೋಗಿ," ಅಂದೆ. "ನಾನು ಕೇಳಿದ ಉಸಿರು ಸಿಕ್ಕಿತು ಅಂತ ಅಂದ್ಕೋತೀನಿ."

ಇವತ್ತು ಬೆಳಿಗ್ಗೆ ಬಸ್ಸಿಗೆ ಹೋದರು. ದಿಂಬು ಬಿಟ್ಟು ಹೋಗಿದ್ದಾರೆ.

ಜೂನ್ 3, ಮಂಗಳವಾರ

ಬರೆಯಲು ಏನೂ ಇರಲಿಲ್ಲ.

ಮನೆಯಲ್ಲಿ ಸದ್ದಿಲ್ಲ. ಕುರ್ಚಿ, ಶಿಳ್ಳೆ, ಕೀಲಿ ಒಂದೂ ಇಲ್ಲ. ಬೇಕಾದಷ್ಟು ಉಸಿರಾಡಬಹುದು. ಭಾನುವಾರ ಪೂರ್ತಿ ಹಾಸಿಗೆಯಲ್ಲಿದ್ದೆ. ಒಂದು ಕಾಲಿನ ಸಾಕ್ಸ್‌ನ ದಿನಗಳು ವಾಪಸ್.

ಇವರು ಸಂಜೆ ಫೋನ್ ಮಾಡುತ್ತಾರೆ. "ಊಟ ಆಯ್ತಾ. ಮಾತ್ರೆ ತಗೊಂಡ್ಯಾ. ಆಯ್ತು, ಇಡ್ತೀನಿ." ಡ್ಯೂಟಿ ರಿಪೋರ್ಟ್. ನಾನು ಹೂಂ, ಹೂಂ.

ಮಾರ್ಚ್ ಏಪ್ರಿಲ್‌ನಲ್ಲಿ ಆದ ಒಂದೊಂದು ಒಳ್ಳೆಯದನ್ನೂ ಈಗ ತಿರುವಿ ಹಾಕಿ ನೋಡುತ್ತೇನೆ, ಇದರ ಹಿಂದೆ ಯಾರಿದ್ದರು ಅಂತ. ಯಜಮಾನರು ಮುದುಕರ ಸೆಟ್ ಹೊಗಳಿದ್ದು? ಅದೂ ಇವರು ಹೇಳಿಸಿದ್ದಾ? ಇವತ್ತು ಹೋಗಿ ಕೇಳಿಯೇಬಿಟ್ಟೆ. ಅವರು ಪೆಚ್ಚಾಗಿ, "ಯಾರು ಹೇಳಿಸ್ತಾರಮ್ಮ, ಚೆನ್ನಾಗಿತ್ತು, ಅಂದೆ," ಅಂದರು. ನಂಬಲು ಆಗಲಿಲ್ಲ. ಇದಕ್ಕೆ ನಾನು ಯಾರನ್ನೂ ಕ್ಷಮಿಸಲಾರೆ. ಒಳ್ಳೆಯ ಮಾತು ಕೇಳಿದರೂ ಈಗ ಅದರ ತಂತಿ ಎಲ್ಲಿಗೆ ಹೋಗಿದೆ ಅಂತ ಹುಡುಕಬೇಕು.

ಜೂನ್ 19, ಗುರುವಾರ

ಡಾಕ್ಟರ್ ಬಿಡಲಿಲ್ಲ. "ಒಬ್ಬರು ತಪ್ಪು ಮಾಡಿದ್ರು ಅಂತ ಚಿಕಿತ್ಸೇನೇ ಬಿಡ್ಬೇಡಿ," ಅಂದರು. ಕೇಳಬೇಡಿ ಅಂದದ್ದು ಹೀಗೆ ಆಯಿತು ಅಂತ ಅವರಿಗೂ ಹೇಳಿದೆ. ಪೆನ್ನು ಕೆಳಗಿಟ್ಟರು. "ನಾನು ಇನ್ನೂ ಬಿಡಿಸಿ ಹೇಳ್ಬೇಕಿತ್ತು," ಅಂದರು. ಮಾತ್ರೆ ಬದಲಾಯಿತು.

ಮಸಾಜಿಗೆ ಆಸ್ಪತ್ರೆಯಲ್ಲೇ ಇನ್ನೊಬ್ಬರ ಹತ್ತಿರ ಕಳಿಸಿದರು. ದಪ್ಪ ಹೆಂಗಸು, ಬಿಳಿ ಶೂ. ಕೈ ನೀಲಿ ಚಪ್ಪಲಿಗಿಂತ ಚೆನ್ನಾಗಿದೆ ಅಂದರೂ ಸರಿಯೇ. ಆದರೆ ಮೈ ನಂಬಲಿಲ್ಲ. ಎಲ್ಲಿ ಮುಟ್ಟಿದರೂ ಅಲ್ಲಿ ಗಟ್ಟಿಯಾಗುತ್ತದೆ, ಬಸವನಹುಳು ಮುದುಡಿದ ಹಾಗೆ. "ಯಾರಾದ್ರೂ ಹೆದರಿಸಿದ್ರಾ?" ಅಂತ ಕೇಳಿದರು. ಗಂಟೆ ಪೂರ್ತಿ ಒಂದು ಮಾತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ಎರಡೂ ಹೋಗಿದೆ.

ಕೊನೆಗೆ ಅವರು, "ಸುಮ್ನೆ ಮಲಗಿದ್ರೂ ಸಾಕು. ಮುಂದಿನ ವಾರ ಬನ್ನಿ," ಅಂದರು. ನೋಡೋಣ.

ಜೂನ್ 26, ಗುರುವಾರ

ಹೋದೆ. ಮಾತಿಲ್ಲ. ಎಡಭುಜ ಒಂದು ಚೂರು ಬಿಟ್ಟಿತು. ಒಂದು ಚೂರು ಅಷ್ಟೇ, ಹೆಚ್ಚು ಬರೆಯುವುದಿಲ್ಲ.

ಸಂಜೆಯ ಫೋನಿನಲ್ಲಿ ಇವರು ಊಟ, ಮಾತ್ರೆ ಕೇಳಿ ಆದ ಮೇಲೂ ಇಡಲಿಲ್ಲ. ಉಸಿರು ಕೇಳುತ್ತಿತ್ತು. "ಭಾನುವಾರ ಬರ್ಲಾ?" ಅಂದರು. ಇವರು ನನ್ನನ್ನು ನೇರವಾಗಿ ಬೇರೆ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ "ಬೇಡ ಅಂದ್ರೆ ಬೇಡ," ಅಂದು ಇಟ್ಟರು.

ಜೂನ್ 29, ಭಾನುವಾರ, ಬೆಳಿಗ್ಗೆ 11

ಬಂದಿದ್ದಾರೆ. ಬೆಲ್ ಮಾಡಿದರು. ಬಾಗಿಲು ತೆಗೆದೆ. ಸೊರಗಿದ್ದಾರೆ, ಕಾಲರ್ ಇಸ್ತ್ರಿ ಇಲ್ಲ. ಒಳಗೆ ಕಾಲಿಡಲಿಲ್ಲ. ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದಿರಬೇಕು, ಒಂದೇ ಉಸಿರಿಗೆ ಕೇಳಿದರು.

"ಅವತ್ತು ಅವಳ ಹತ್ರ ಹೇಳಿದ್ದು ನಿಜಾನಾ?"

ಮೇಲಿನ ಮನೆಯ ಯಾರೋ ಮೆಟ್ಟಿಲಿಳಿದು ಹೋಗುವ ತನಕ ಕಾದೆ.

"ನಿಜ," ಅಂದೆ.

ತಲೆಯಾಡಿಸಿದರು. ಮುಖದಲ್ಲಿ ಏನೋ ಕುಸಿಯಿತು, ನಾನು ನೋಡಿದೆ. ಮೊದಲ ಸಲ ಸುಳ್ಳು ಹೇಳದೆ ನೋಡಿದೆ. ಇವರನ್ನು ನೋಯಿಸಬೇಕು ಅಂತ ಐವತ್ತು ದಿನದಿಂದ ಕಾದಿದ್ದೆ, ಈಗ ನೋವಾಯಿತು, ನನಗೆ ಅದರಿಂದ ಏನೂ ಸಿಗಲಿಲ್ಲ.

"ಇವತ್ತೂನಾ?" ಅಂದರು.

"ಗೊತ್ತಿಲ್ಲ. ನಿಮ್ಮ ಮೇಲೆ ಸಿಟ್ಟು ಇಳಿದಿಲ್ಲ. ಇಳಿಯುತ್ತೆ ಅಂತ ಮಾತು ಕೊಡೋಕೂ ಆಗಲ್ಲ. ಇದನ್ನ ಹೋಗಿ ಯಾರ ಹತ್ರನೂ ಹೇಳ್ಬೇಡಿ."

"ಯಾರ ಹತ್ರ ಹೇಳ್ಲಿ ನಾನು," ಅಂದರು.

ಹೋಗಿ ಅನ್ನಲಿಲ್ಲ, ಬನ್ನಿ ಅನ್ನಲೂ ಇಲ್ಲ. ಬಾಗಿಲು ತೆರೆದೇ ಬಿಟ್ಟು ಅಡುಗೆಮನೆಗೆ ಬಂದು, ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇವರು ಅಲ್ಲೇ ಹೊಸ್ತಿಲ ಆಚೆ ನಿಂತಿದ್ದಾರೆ, ಬ್ಯಾಗ್ ಕೂಡ ಕೆಳಗಿಟ್ಟಿಲ್ಲ. ಎದೆ ಬಿಗಿದಿದೆಯಾ ಅಂತ ನೋಡಿಕೊಳ್ಳುತ್ತಿದ್ದೇನೆ. ಬಿಗಿದಿದೆ. ಆದರೆ ಅವರು ಬಂದದ್ದಕ್ಕೋ ಇಲ್ಲಾ ಈಗ ತಿರುಗಿ ಹೋಗಿಬಿಟ್ಟರೆ ಅಂತಲೋ —